ಮೂರು ದಿನದ ನೌಕರಿ, ಆರು ದಿನದ ಹಾಜರಿ

ಇಂಗ್ಲೆಂಡಿನ ಲೇಖಕ ನಿಕ್ ಹಾರ್ನ್‌ಬಿಯ 'ಹೈ ಫಿಡೆಲಿಟಿ' ಕಾದಂಬರಿ ಪ್ರಕಟವಾದದ್ದು 1995ರಲ್ಲಿ. ಅದನ್ನು ಆಧರಿಸಿ ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ ಚಲನಚಿತ್ರ 2000ದಲ್ಲಿ ತೆರೆಕಂಡಿತು. 2020ರಲ್ಲಿ ಅದೇ ಕಥೆ ಅಮೆರಿಕದಲ್ಲಿ ಹತ್ತು ಕಂತುಗಳ ಧಾರಾವಾಹಿಯಾಯಿತು. ಕಾಲು ಶತಮಾನದಲ್ಲಿ ಮೂರು ಅವತಾರ ಎತ್ತಿದ ಈ ಕಥೆಯನ್ನು ನಮ್ಮ ಸಂಘದ ಮನೆಗಳ ತರುಣರಲ್ಲಿ ಹಲವರು ಬಲ್ಲರು. ಆದರೆ ಅವರು ಅದನ್ನು ಬಲ್ಲದ್ದು ಪ್ರೇಮಕಥೆಯೆಂದು. ಹುಡುಗಿ ಬಿಟ್ಟುಹೋದಳು, ಹುಡುಗ ಪರಿತಪಿಸಿದ, ಹುಡುಗಿ ಮರಳಿ ಬಂದಳು, ಇಷ್ಟೇ ಅದರ ಸಾರವೆಂದು ಸಾಮಾನ್ಯವಾಗಿ ಹೇಳುವುದುಂಟು. ಕಥೆಯನ್ನು ಹಾಗೆ ಓದುವುದು ತಪ್ಪಲ್ಲ. ನಿರೂಪಕನೇ ಹಾಗೆ ಓದೆಂದು ನಮ್ಮನ್ನು ಒತ್ತಾಯಿಸುತ್ತಾನೆ. ಆದರೆ ನಿರೂಪಕ ತೋರಿಸಿದ ಕಡೆಗೇ ನೋಡುವುದು ವಿಮರ್ಶೆಯ ಕೆಲಸವಲ್ಲ. ಅವನು ತನ್ನ ಬೆನ್ನ ಹಿಂದೆ ಯಾರನ್ನು ನಿಲ್ಲಿಸಿದ್ದಾನೆ ಎಂಬುದನ್ನೂ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ಇದು ಒಂದು ಪುಟ್ಟ ಸಂಗೀತದಂಗಡಿಯ ಕಥೆಯಾಗಿ, ಅಲ್ಲಿ ದಿನವಿಡೀ ಒಟ್ಟಿಗೆ ನಿಂತು ದುಡಿಯುವ ಮೂವರ ಕಥೆಯಾಗಿ ನಮಗೆ ತೋರುತ್ತದೆ. ಈ ಲೇಖನ ಅಷ್ಟಕ್ಕೆ ಸೀಮಿತ.

ಕಥೆಯ ಚೌಕಟ್ಟು ಸರಳವಾದದ್ದು. ರಾಬ್ ಫ್ಲೆಮಿಂಗ್‌ಗೆ ಮೂವತ್ತೈದು ವರ್ಷ. ಉತ್ತರ ಲಂಡನ್ನಿನ ಹಾಲೋವೇ ಭಾಗದ ಒಂದು ಅಡ್ಡಬೀದಿಯಲ್ಲಿ ಅವನಿಗೆ 'ಚಾಂಪಿಯನ್‌ಶಿಪ್ ವಿನೈಲ್' ಎಂಬ ರೆಕಾರ್ಡು ಅಂಗಡಿಯಿದೆ. ಸುಮ್ಮನೆ ಹಾದುಹೋಗುವವರ ಕಣ್ಣಿಗೆ ಬೀಳದ ಜಾಗ ಅದು. ಬೇಕೆಂದೇ ಹುಡುಕಿಕೊಂಡು ಬರುವವರು ಮಾತ್ರ ಬರುತ್ತಾರೆ. ಹಾಗೆ ಬರುವವರು ಬಹುಮಟ್ಟಿಗೆ ಹಳೆಯ, ಅಪರೂಪದ ಧ್ವನಿಮುದ್ರಿಕೆಗಳ ಹಿಂದೆ ಬಿದ್ದ ತರುಣರು. ಜೊತೆಗಿದ್ದ ಲಾರಾ ಎಂಬ ವಕೀಲೆ ಮನೆ ಬಿಟ್ಟು ಹೋದಾಗ ರಾಬ್ ತನ್ನ ಮನಸ್ಸು ಮುರಿದ ಐದು ಜನ ಹೆಂಗಸರ ಪಟ್ಟಿ ಮಾಡುತ್ತಾನೆ. ಲಾರಾ ಅದರಲ್ಲಿ ಇಲ್ಲವೇ ಇಲ್ಲವೆಂದು ಜಂಬ ಕೊಚ್ಚುತ್ತಾನೆ. ಆಮೇಲೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಾನೆ. ಫ್ರಿಯರ್ಸ್‌ನ ಚಿತ್ರದಲ್ಲಿ ಲಂಡನ್ ಹೋಗಿ ಶಿಕಾಗೋ ಬಂದಿದೆ, ಹಾಲೋವೇ ಹೋಗಿ ವಿಕರ್ ಪಾರ್ಕ್ ಬಂದಿದೆ, ರಾಬ್ ಫ್ಲೆಮಿಂಗ್ ರಾಬ್ ಗಾರ್ಡನ್ ಆಗಿದ್ದಾನೆ. ಆ ಪಾತ್ರವನ್ನು ಜಾನ್ ಕ್ಯೂಸ್ಯಾಕ್ ವಹಿಸಿದ್ದಾನೆ. 2020ರ ಧಾರಾವಾಹಿಯಲ್ಲಿ ಅಂಗಡಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಿದೆ, ರಾಬ್ ಹೆಣ್ಣಾಗಿದ್ದಾಳೆ. ಊರು ಬದಲಾಗಿದೆ, ದೇಶ ಬದಲಾಗಿದೆ, ನಾಯಕನೇ ನಾಯಕಿಯಾಗಿದ್ದಾನೆ. ಬದಲಾಗದೆ ಉಳಿದದ್ದು ಎರಡು: ಆ ಅಂಗಡಿ, ಮತ್ತು ಅದರೊಳಗಿನ ಇಬ್ಬರು ನೌಕರರು.

ಕಾದಂಬರಿಯಲ್ಲೂ ಚಿತ್ರದಲ್ಲೂ ಆ ಇಬ್ಬರ ಹೆಸರು ಡಿಕ್ ಮತ್ತು ಬ್ಯಾರಿ. ಡಿಕ್ ಮಹಾ ಸಂಕೋಚದವನು. ಅವನ ಮಾತು ಗಂಟಲಿನಿಂದ ನಾಲಗೆಗೆ ಬರುವಷ್ಟರಲ್ಲಿ ಎದುರಿಗಿದ್ದವನು ಬೀದಿ ದಾಟಿರುತ್ತಾನೆ. ಬ್ಯಾರಿಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಅಂಗಡಿಯ ಬಾಗಿಲು ತೆಗೆಯುವುದಕ್ಕೆ ಮೊದಲೇ ಅವನ ಬಾಯಿ ತೆರೆದಿರುತ್ತದೆ. ಚಿತ್ರದಲ್ಲಿ ಟಾಡ್ ಲೂಯಿಸೋ ಮತ್ತು ಜ್ಯಾಕ್ ಬ್ಲ್ಯಾಕ್ ಈ ಇಬ್ಬರಾಗಿ ನಟಿಸಿದ್ದಾರೆ. ಸೋಮವಾರ ಬೆಳಿಗ್ಗೆ ಡಿಕ್ ಹಾಕಿಟ್ಟ ಮೆಲುದನಿಯ ಹಾಡನ್ನು ಬ್ಯಾರಿ ಒಳಗೆ ಬಂದವನೇ ನಿಲ್ಲಿಸಿ, ತಾನು ವಿಶೇಷವಾಗಿ ಸಿದ್ಧಪಡಿಸಿಕೊಂಡು ಬಂದ ಟೇಪನ್ನು ಕಿವಿಗಡಚಿಕ್ಕುವಂತೆ ಹಾಕುವ ದೃಶ್ಯವಿದೆ. ಅಂಗಡಿಯಲ್ಲಿ ಯಾವ ಹಾಡು ಹಾಕಬೇಕೆಂಬುದೇ ಅಲ್ಲಿನ ನಿತ್ಯದ ಜಗಳ. ಮಗಳ ಹುಟ್ಟುಹಬ್ಬಕ್ಕೆಂದು ಸ್ಟೀವಿ ವಂಡರ್‌ನ ಒಂದು ಜನಪ್ರಿಯ ಹಾಡನ್ನು ಕೇಳಿಕೊಂಡು ಬಂದ ಮಧ್ಯವಯಸ್ಸಿನ ಗಿರಾಕಿಯೊಬ್ಬನನ್ನು, ಅಂಥ ಕೀಳು ಅಭಿರುಚಿಯವರಿಗೆ ಇಲ್ಲಿ ವ್ಯಾಪಾರವಿಲ್ಲವೆಂದು ಬ್ಯಾರಿ ಅವಮಾನಿಸಿ ಅಟ್ಟಿಬಿಡುತ್ತಾನೆ. ಬಾಡಿಗೆ ಕಟ್ಟುವುದೇ ಕಷ್ಟವಾಗಿರುವ ಅಂಗಡಿಯಲ್ಲಿ ನೌಕರನೇ ಗಿರಾಕಿಯನ್ನು ಓಡಿಸುವುದು ಎಂಥ ಹಾಸ್ಯ! ಓದುವಾಗ ನಾವು ನಗುತ್ತೇವೆ. ಆದರೆ ಆ ತಂದೆ ಬರಿಗೈಯಲ್ಲಿ ಬಾಗಿಲು ದಾಟುವಾಗ ನಮ್ಮ ನಗೆಗೆ ಸ್ವಲ್ಪ ಹುಳಿ ಬೆರೆಯುತ್ತದೆ. ಹಾರ್ನ್‌ಬಿಯ ಹಾಸ್ಯದ ಗುಣ ಇದು.

ಈ ಇಬ್ಬರ ಬಗ್ಗೆ ರಾಬ್ ನಮಗೆ ಹೇಳುವ ಮುಖ್ಯ ಸಂಗತಿ ಒಂದೇ ಒಂದು. ಅವನು ಅವರನ್ನು ನೇಮಿಸಿಕೊಂಡದ್ದು ವಾರಕ್ಕೆ ಮೂರು ಮೂರು ದಿನದ ಕೆಲಸಕ್ಕೆ. ಸ್ವಲ್ಪ ಕಾಲದಲ್ಲೇ ಇಬ್ಬರೂ ದಿನಾಲೂ ಬರತೊಡಗಿದರು. ಬರಬೇಡಿ ಎನ್ನುವುದು ಹೇಗೆಂದು ತಿಳಿಯದೆ ಅವನು ಸುಮ್ಮನಾದ. ಇದನ್ನು ಅವನು ಅವರ ಹುಚ್ಚುತನದ ಉದಾಹರಣೆಯಾಗಿ, ತಮಾಷೆಯ ಧಾಟಿಯಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಅವರಿಗೆ ಬೇರೆ ಹೋಗುವುದಕ್ಕೆ ಜಾಗವಿಲ್ಲ ಎಂಬ ಸೂಚನೆಯೂ ಅದರಲ್ಲಿದೆ. ನಾವು ಮಾತ್ರ ಇಲ್ಲಿ ನಿಂತು ಯೋಚಿಸಬೇಕೆಂದು ತೋರುತ್ತದೆ. ಮೂರು ದಿನದ ನೌಕರಿಗೆ ಆರು ದಿನದ ಹಾಜರಿ. ಉಳಿದ ಮೂರು ದಿನಗಳನ್ನು ಏನೆಂದು ಕರೆಯಬೇಕು? ಸ್ನೇಹವೆನ್ನಬೇಕೆ, ಹವ್ಯಾಸವೆನ್ನಬೇಕೆ, ಬಿಟ್ಟಿಯೆನ್ನಬೇಕೆ? ಆ ದಿನಗಳಲ್ಲೂ ಅವರು ಗಲ್ಲಾದ ಹಿಂದೆ ನಿಲ್ಲುತ್ತಾರೆ, ಗಿರಾಕಿಗಳಿಗೆ ಉತ್ತರ ಕೊಡುತ್ತಾರೆ, ಕಪಾಟು ಜೋಡಿಸುತ್ತಾರೆ. ಯಜಮಾನನ ಮನಸ್ಸು ಕೆಟ್ಟು ಅವನು ಅಂಗಡಿ ಬಿಟ್ಟು ಹೊರಟಾಗ ಅಂಗಡಿ ನಡೆಯುವುದು ಅವರಿಂದಲೇ. ರಾಬ್ ತನ್ನ ಹಳೆಯ ಗೆಳತಿಯರನ್ನು ಹುಡುಕಿಕೊಂಡು ಅಲೆಯುವಾಗ ಇಡೀ ಕಥೆಯ ಕಾಲ ಬಾಗಿಲು ತೆರೆದಿಟ್ಟವರು ಯಾರು? ಈ ಪ್ರಶ್ನೆಯನ್ನು ಕಥೆ ಕೇಳುವುದಿಲ್ಲ. ಏಕೆಂದರೆ ಕಥೆ ಹೇಳುತ್ತಿರುವವನು ಯಜಮಾನ.

ಈ ಮೌನವನ್ನು ಅರ್ಥಮಾಡಿಕೊಳ್ಳಲು ಕಾದಂಬರಿಯಲ್ಲೇ ಒಂದು ಕೀಲಿಕೈ ಇದೆ. ಒಬ್ಬ ಮಧ್ಯವಯಸ್ಸಿನ ಹೆಂಗಸು ತನ್ನ ಗಂಡನ ರೆಕಾರ್ಡುಗಳನ್ನು ಮಾರಬೇಕೆಂದು ರಾಬ್‌ನನ್ನು ಮನೆಗೆ ಕರೆಸುತ್ತಾಳೆ. ನೋಡಿದರೆ ಅವನ ಆಯುಷ್ಯದಲ್ಲೇ ಕಾಣದಂಥ ಅಮೂಲ್ಯ ಸಂಗ್ರಹ. ಅವಳು ಕೇಳುವ ಬೆಲೆ ಕೇವಲ ಐವತ್ತು ಪೌಂಡು. ಗಂಡ ಎಳೆಯ ಹುಡುಗಿಯೊಬ್ಬಳ ಜೊತೆ ಓಡಿಹೋಗಿದ್ದಾನೆ. ಅವನ ಪ್ರಾಣಕ್ಕಿಂತ ಹೆಚ್ಚಾದದ್ದನ್ನು ಮೂರು ಕಾಸಿಗೆ ಮಾರಿ ಸೇಡು ತೀರಿಸಿಕೊಳ್ಳುವುದು ಅವಳ ಉದ್ದೇಶ. ರಾಬ್ ಹೆಚ್ಚು ಕೊಡುತ್ತೇನೆನ್ನುತ್ತಾನೆ, ಅವಳು ಒಪ್ಪುವುದಿಲ್ಲ. ಕೊನೆಗೆ ಆ ಬೆಲೆಗೆ ಆ ಸಂಗ್ರಹವನ್ನು ಕೊಳ್ಳಲು ಅವನಿಂದ ಆಗುವುದಿಲ್ಲ. ಅಂಗಡಿ ಮುಳುಗುತ್ತಿರುವಾಗ ಕೈಗೆ ಬಂದ ಭಾಗ್ಯವನ್ನು ಹೀಗೆ ಬಿಟ್ಟುಬರುವ ಈ ಪ್ರಸಂಗ ಕಾದಂಬರಿಯ ಅತ್ಯಂತ ಸೂಕ್ಷ್ಮ ಭಾಗಗಳಲ್ಲಿ ಒಂದು.

ನಮ್ಮವರಿಗೆ ಇದನ್ನು ಓದುವಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಪಾಲಿನದಲ್ಲ, ಹಿಂದಕ್ಕೆ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳೆಂದು ಶರಣರ ಕಥೆ ಹೇಳುತ್ತದೆ. ಸಲ್ಲಬೇಕಾದ್ದಕ್ಕಿಂತ ಹೆಚ್ಚಿನದು ಮನೆಯೊಳಗೆ ಬಂದರೆ ಅದನ್ನು ಪ್ರಶ್ನಿಸಬೇಕೆಂಬುದು ಅದರ ತಿರುಳು. ಐವತ್ತು ಪೌಂಡಿನ ಸಂಗ್ರಹದ ಮುಂದೆ ರಾಬ್‌ನ ಒಳಗೂ ಒಬ್ಬ ಲಕ್ಕಮ್ಮ ಮಾತಾಡುತ್ತಾಳೆ. ಆದರೆ ಅದೇ ಲಕ್ಕಮ್ಮ ಅಂಗಡಿಯೊಳಗೆ ಮೂಕಿಯಾಗಿದ್ದಾಳೆ. ಎಂದೂ ಕಾಣದ ಗಂಡಸೊಬ್ಬನ ರೆಕಾರ್ಡುಗಳನ್ನು ಅಗ್ಗಕ್ಕೆ ಪಡೆಯಲಾರದವನು ಕಣ್ಣೆದುರಿಗೇ ಇರುವ ಇಬ್ಬರ ದಿನಗಳನ್ನು ಅಗ್ಗಕ್ಕೆ ಪಡೆಯುತ್ತಾನೆ. ಅದನ್ನು ಪಡೆಯುತ್ತಿದ್ದೇನೆಂಬ ಅರಿವೂ ಅವನಿಗಿಲ್ಲ. ಅವನ ಪ್ರಾಮಾಣಿಕತೆ ಸುಳ್ಳಲ್ಲ. ಆದರೆ ಅದು ರೆಕಾರ್ಡುಗಳಿಗೆ, ರೆಕಾರ್ಡು ಕೂಡಿಡುವ ಗಂಡಸರ ಕುಲಕ್ಕೆ ಸಂಬಂಧಿಸಿದ ಪ್ರಾಮಾಣಿಕತೆ. ಮನುಷ್ಯರ ವೇಳೆಗೂ ಒಂದು ಬೆಲೆಯಿದೆ ಎಂಬಲ್ಲಿಗೆ ಅದು ತಲುಪುವುದಿಲ್ಲ. ಲಾರಾಳ ವಿಷಯದಲ್ಲಿ ಅವನು ಮಾಡಿದ ತಪ್ಪೂ ಇದೇ ಜಾತಿಯದು. ಅವಳು ಪಕ್ಕದಲ್ಲಿದ್ದಾಗ ಅವಳ ಇರವನ್ನು ಲೆಕ್ಕಕ್ಕಿಡಲಿಲ್ಲ. ಹೀಗೆ ನೋಡಿದರೆ ಮನೆಯ ಕಥೆಯೂ ಅಂಗಡಿಯ ಕಥೆಯೂ ಎರಡಲ್ಲ, ಒಂದೇ. ವಿಚಿತ್ರವೆಂದರೆ, ಫ್ರಿಯರ್ಸ್ ಈ ಪ್ರಸಂಗವನ್ನು ಚಿತ್ರೀಕರಿಸಿದ್ದರೂ ತೆರೆಗೆ ಬಂದ ಚಿತ್ರದಲ್ಲಿ ಅದನ್ನು ಉಳಿಸಿಕೊಳ್ಳಲಿಲ್ಲ. ಓಟಕ್ಕೆ ಅಡ್ಡಿಯಾಯಿತೋ ಏನೋ. ಚಿತ್ರ ಅದರಿಂದ ಹಗುರವಾಯಿತು, ತೂಕವನ್ನೂ ಕಳೆದುಕೊಂಡಿತು.

ಹಾಗೆಂದು ಫ್ರಿಯರ್ಸ್‌ಗೆ ಈ ವಿಷಯ ಹೊಸತೇನಲ್ಲ. 1985ರಲ್ಲಿ ಹನೀಫ್ ಕುರೇಶಿಯ ಚಿತ್ರಕಥೆಯಿಂದ ಅವನು ತೆಗೆದ 'ಮೈ ಬ್ಯೂಟಿಫುಲ್ ಲಾಂಡ್ರೆಟ್' ಕೂಡ ಒಂದು ಸಣ್ಣ ವ್ಯಾಪಾರದ ಕಥೆಯೇ. ಲಂಡನ್ನಿನಲ್ಲಿ ನೆಲೆಸಿದ ಪಾಕಿಸ್ತಾನಿ ಮನೆತನದ ಹುಡುಗ ಓಮರ್ ಬಟ್ಟೆ ಒಗೆಯುವ ಅಂಗಡಿಯೊಂದನ್ನು ವಹಿಸಿಕೊಂಡು, ಒಂದು ಕಾಲದಲ್ಲಿ ವಲಸೆಗಾರರ ವಿರುದ್ಧ ಮೆರವಣಿಗೆ ಹೋಗಿದ್ದ ತನ್ನ ಶಾಲೆಯ ಗೆಳೆಯ ಜಾನಿಯನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಅವರಿಬ್ಬರ ನಡುವೆ ಪ್ರೀತಿಯೂ ಇದೆ. ಆದರೂ ಒಂದು ಗಳಿಗೆಯಲ್ಲಿ ಓಮರ್, ಶಾಲೆಯಲ್ಲಿ ನೀವು ನನ್ನನ್ನು ಒದ್ದಿರಿ, ಈಗ ನೀನು ನನ್ನ ನೆಲ ಒರೆಸುತ್ತಿದ್ದೀಯ ಎಂಬರ್ಥದ ಮಾತನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾನೆ. ಮಾತು ಕ್ರೂರವಾದದ್ದು, ಆದರೆ ಅದು ಗೆಳೆತನದೊಳಗಿನ ಯಜಮಾನಿಕೆಯನ್ನು ಬಯಲಿಗೆ ತರುತ್ತದೆ. ಬಯಲಿಗೆ ಬಂದದ್ದನ್ನು ಎದುರಿಸಬಹುದು. 'ಹೈ ಫಿಡೆಲಿಟಿ'ಯಲ್ಲಿ ರಾಬ್ ಅಂಥ ಮಾತನ್ನು ಎಂದೂ ಆಡುವುದಿಲ್ಲ. ಅವನು ರೇಗುತ್ತಾನೆ, ಗದರುತ್ತಾನೆ, ಬ್ಯಾರಿಯೊಡನೆ ಕೈಕೈ ಮಿಲಾಯಿಸುತ್ತಾನೆ. ಆದರೆ ನಾನು ಯಜಮಾನ, ನೀವು ನೌಕರರು ಎನ್ನುವುದಿಲ್ಲ. ಎಲ್ಲರೂ ಗೆಳೆಯರಂತೆ ತೋರುವುದರಿಂದಲೇ ಪಗಾರದ ಮಾತು ಎಲ್ಲಿಯೂ ಬರುವುದಿಲ್ಲ.

ಇದೇ 1995ರಲ್ಲಿ ಅಮೆರಿಕದಲ್ಲಿ ಇನ್ನೊಂದು ರೆಕಾರ್ಡು ಅಂಗಡಿಯ ಕಥೆ ತೆರೆಗೆ ಬಂದಿತ್ತು: ಆಲನ್ ಮಾಯ್ಲ್ ನಿರ್ದೇಶಿಸಿದ 'ಎಂಪೈರ್ ರೆಕಾರ್ಡ್ಸ್'. ಒಂದೇ ಒಂದು ದಿನದ ಕಥೆ ಅದು. ಅಂಗಡಿಯನ್ನು ದೊಡ್ಡ ಸರಣಿ ಸಂಸ್ಥೆಯೊಂದು ನುಂಗಲಿದೆ ಎಂದು ತಿಳಿದ ಲೂಕಸ್ ಎಂಬ ಹುಡುಗ, ಗಲ್ಲಾದ ಒಂಬತ್ತು ಸಾವಿರ ಡಾಲರನ್ನು ಒಯ್ದು ಅಟ್ಲಾಂಟಿಕ್ ಸಿಟಿಯ ಜೂಜುಕಟ್ಟೆಯಲ್ಲಿ ಹೆಚ್ಚಿಸಿ ಅಂಗಡಿಯನ್ನು ಉಳಿಸುತ್ತೇನೆಂದು ಹೊರಟು, ಎಲ್ಲವನ್ನೂ ಕಳೆದುಕೊಂಡು ಬರುತ್ತಾನೆ. ಅದೇ ದಿನ ವಯಸ್ಸಾಗುತ್ತಿರುವ ಗಾಯಕನೊಬ್ಬ ಅಭಿಮಾನಿಗಳಿಗೆ ಹಸ್ತಾಕ್ಷರ ಕೊಡಲು ಬರುವವನಿದ್ದಾನೆ. ಜೀವ ಕಳೆದುಕೊಳ್ಳಲು ಹೊರಟಿದ್ದ ಡೆಬ್ರಾ ಎಂಬ ಹುಡುಗಿಗೆ ಸಹೋದ್ಯೋಗಿಗಳು ಅಂಗಡಿಯಲ್ಲೇ ಹುಡುಗಾಟದ ಶವಸಂಸ್ಕಾರ ನಡೆಸಿ, ಒಬ್ಬೊಬ್ಬರೂ ಅವಳ ಬಗ್ಗೆ ಒಂದೊಂದು ಮಾತನಾಡುತ್ತಾರೆ. ಕದಿಯಲು ಬಂದ ಪೋರ ಕೊನೆಗೆ ಅಲ್ಲೇ ಕೆಲಸಕ್ಕೆ ಸೇರುತ್ತಾನೆ. ರಾತ್ರಿ ಎಲ್ಲರೂ ಸೇರಿ ಸಂಗೀತದ ಸಂತೋಷಕೂಟ ನಡೆಸಿ ಹಣ ಕೂಡಿಸಿ ಅಂಗಡಿಯನ್ನು ಉಳಿಸಿಕೊಳ್ಳುತ್ತಾರೆ. ಬಿಡುಗಡೆಯಾದಾಗ ಚಿತ್ರ ಓಡಲಿಲ್ಲ. ಆಮೇಲೆ ಮನೆಮನೆಗಳಲ್ಲಿ ಅದಕ್ಕೆ ಅಭಿಮಾನಿಗಳು ಹುಟ್ಟಿಕೊಂಡರು.

ಕಲಾಕೃತಿಯಾಗಿ ಇದು ಹಾರ್ನ್‌ಬಿಯ ಕಾದಂಬರಿಯ ಎತ್ತರಕ್ಕೆ ಬರುವುದಿಲ್ಲ. ಪಾತ್ರಗಳು ಒಂದೊಂದು ಹಣೆಪಟ್ಟಿ ಅಂಟಿಸಿಕೊಂಡು ಓಡಾಡುತ್ತವೆ. ಮುಕ್ತಾಯ ಬಯಕೆಯ ಮುಕ್ತಾಯ. ಸಂತೋಷಕೂಟದಿಂದ ಅಂಗಡಿಗಳು ಉಳಿಯುವುದಿಲ್ಲವೆಂಬುದು ಎಲ್ಲರೂ ಬಲ್ಲದ್ದು. ಆದರೂ ಒಂದು ವಿಷಯದಲ್ಲಿ ಅದು ಮುಂದಿದೆ. ಅಲ್ಲಿ ಅಂಗಡಿಯ ಮೇಲ್ವಿಚಾರಕ ಜೋ ತನ್ನ ಹುಡುಗರ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ. ಹುಡುಗರು ಅವನ ಸಾಲವನ್ನು ತಮ್ಮದೆಂದುಕೊಳ್ಳುತ್ತಾರೆ. ಕೊಡುಕೊಳೆ ಎರಡೂ ಕಡೆಯಿಂದ ನಡೆಯುತ್ತದೆ. ರಾಬ್‌ನ ಅಂಗಡಿಯಲ್ಲಿ ಅದು ಒಂದೇ ಕಡೆಗೆ ಹರಿಯುವ ನೀರು.

ಕಥೆಗಳನ್ನು ಬಿಟ್ಟು ನಡೆದ ಸಂಗತಿಗೆ ಬರೋಣ. 1976ರಲ್ಲಿ ಜೆಫ್ ಟ್ರಾವಿಸ್ ಎಂಬ ತರುಣ ಲಂಡನ್ನಿನ ನಾಟಿಂಗ್ ಹಿಲ್ ಭಾಗದಲ್ಲಿ 'ರಫ್ ಟ್ರೇಡ್' ಎಂಬ ರೆಕಾರ್ಡು ಅಂಗಡಿ ತೆರೆದ. ಎರಡು ವರ್ಷದಲ್ಲಿ ಅದರಿಂದಲೇ ಧ್ವನಿಮುದ್ರಣದ ಸಂಸ್ಥೆಯೂ ಹುಟ್ಟಿತು. ಸಹಕಾರಿ ತತ್ವದ ಮೇಲೆ ನಡೆದ ಆ ಸಂಸ್ಥೆಯಲ್ಲಿ ಆರಂಭದ ವರ್ಷಗಳಲ್ಲಿ ಎಲ್ಲರಿಗೂ ಒಂದೇ ಸಂಬಳ. ಸಹಕಾರವೆಂದ ಮೇಲೆ ವಾದ, ವಿರಸ, ಮುಗಿಯದ ಸಭೆಗಳು ಇದ್ದೇ ಇರುತ್ತವೆ. ಸಂಘಸಂಸ್ಥೆಗಳನ್ನು ನಡೆಸುವ ನಮ್ಮ ವಾಚಕರಿಗೆ ಅದನ್ನು ವಿವರಿಸಬೇಕಾಗಿಲ್ಲ. 1982ರಲ್ಲಿ ಅಂಗಡಿ ಮಾತೃಸಂಸ್ಥೆಯಿಂದ ಬೇರೆಯಾಗಿ ಅಲ್ಲಿ ಕೆಲಸ ಮಾಡುತ್ತಿದ್ದವರ ಕೈಸೇರಿತು. 1991ರಲ್ಲಿ ಸಂಸ್ಥೆಯ ವಿತರಣಾ ವಿಭಾಗ ದಿವಾಳಿಯೆದ್ದಿತು. ಕೆಲಸಗಾರರ ಅಂಗಡಿ ಮಾತ್ರ ಉಳಿದುಕೊಂಡಿತು. ಲಂಡನ್ನಿನಲ್ಲೇ ಇಂಥದೊಂದು ಉದಾಹರಣೆ ಇದ್ದಾಗ, ಅದೇ ಊರಿನ ಕಾಲ್ಪನಿಕ ಅಂಗಡಿಯಲ್ಲಿ ಡಿಕ್ ಮತ್ತು ಬ್ಯಾರಿ ಪಾಲುದಾರರಾಗುವ ಯೋಚನೆ ಕೂಡ ರಾಬ್‌ನ ತಲೆಗೆ ಹೊಳೆಯುವುದಿಲ್ಲ. ಇದನ್ನು ಲೇಖಕನ ದೋಷವೆನ್ನಬಾರದು. ರಾಬ್ ಎಂಥವನೆಂದು ಹಾರ್ನ್‌ಬಿಗೆ ಚೆನ್ನಾಗಿ ಗೊತ್ತು. ಆದರೆ ಓದುಗರಾದ ನಾವು ಆ ಮಾತಿನ ಮೋಡಿಗೆ ಮರುಳಾಗಿ, ಅವನು ಕಾಣದ್ದನ್ನು ನಾವೂ ಕಾಣದೆ ಹೋಗುವ ಅಪಾಯವಿದೆ.

ಹಾಗಾದರೆ ಡಿಕ್ ಮತ್ತು ಬ್ಯಾರಿ ಬರೀ ಶೋಷಿತರೆ? ಹಾಗೆಂದುಬಿಟ್ಟರೆ ಕೃತಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರಿಗೆ ಆ ಅಂಗಡಿ ಏನಾಗಿತ್ತೆಂಬುದನ್ನು ಮೂರು ಸಣ್ಣ ಪ್ರಸಂಗಗಳು ಹೇಳುತ್ತವೆ. ಲಾರಾ ಬಿಟ್ಟುಹೋದ ಮೇಲೆ ರಾಬ್ ಮನೆಯಲ್ಲಿ ತನ್ನ ರೆಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಮರುಜೋಡಿಸುತ್ತಿರುವಾಗ ಡಿಕ್ ಬರುತ್ತಾನೆ. ಕಾಲಾನುಕ್ರಮವೋ, ಅಕಾರಾದಿಯೋ ಎಂದು ಕೇಳುತ್ತಾನೆ. ತನ್ನ ಬದುಕಿನಲ್ಲಿ ಅವು ಬಂದ ಕ್ರಮದಲ್ಲಿ ಎಂದು ರಾಬ್ ಹೇಳಿದಾಗ ಡಿಕ್‌ನ ಮುಖದಲ್ಲಿ ಮೂಡುವ ಗೌರವವನ್ನು ಟಾಡ್ ಲೂಯಿಸೋ ಬಹು ಸೊಗಸಾಗಿ ತೋರಿಸಿದ್ದಾನೆ. ಯಜಮಾನನ ದುಃಖವನ್ನು ಆ ಜೋಡಣೆಯಲ್ಲೇ ಓದಬಲ್ಲವನು ಅವನೊಬ್ಬನೆ. ಎರಡನೆಯದು ಲಾರಾಳ ಹೊಸ ಗೆಳೆಯ ಇಯಾನ್ ಅಂಗಡಿಗೆ ಬರುವ ಪ್ರಸಂಗ. ಅವನನ್ನು ಹಿಡಿದು ಬಡಿಯುವುದಾಗಿ ರಾಬ್ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುತ್ತಾನೆ. ಆ ಕಲ್ಪನೆ ಉಗ್ರವಾಗುತ್ತ ಹೋದಂತೆ ಡಿಕ್, ಬ್ಯಾರಿ ಕೂಡ ಅದರೊಳಗೆ ಬಂದು ಸೇರುತ್ತಾರೆ. ವಾಸ್ತವದಲ್ಲಿ ಅವನು ಬಾಯಿಬಿಡದೆ ನಿಂತಿರುತ್ತಾನೆ. ಕನಸಿನಲ್ಲಾದರೂ ತನ್ನ ಪರವಾಗಿ ಕೈಯೆತ್ತುವವರು ಯಾರೆಂದು ಅವನ ಮನಸ್ಸಿಗೆ ಗೊತ್ತಿದೆ. ಪಟ್ಟಿ ಬರೆಯುವ ಬುದ್ಧಿಗೆ ಗೊತ್ತಿಲ್ಲ.

ಮೂರನೆಯದು ಸಾವಿನ ಸುದ್ದಿಯ ಪ್ರಸಂಗ. ಲಾರಾಳ ತಂದೆ ತೀರಿಕೊಂಡಿದ್ದಾನೆ. ರಾಬ್ ಅಂಗಡಿಯಲ್ಲಿ ಹಾಗೆಂದು ಹೇಳುತ್ತಾನೆ. ಬೇರೆಯವರಾಗಿದ್ದರೆ ಒಂದೆರಡು ಸಾಂತ್ವನದ ಮಾತು ಹೇಳುತ್ತಿದ್ದರು. ಆ ಮಾತುಗಳು ಬ್ಯಾರಿಗೆ ಬರುವುದಿಲ್ಲ. ಅವನು ತಕ್ಷಣ ಸಾವಿನ ಬಗೆಗಿನ ಐದು ಶ್ರೇಷ್ಠ ಹಾಡುಗಳ ಪಟ್ಟಿ ಮಾಡೋಣ, ಲಾರಾಳ ತಂದೆಗೆ ಅದು ನಮ್ಮ ಶ್ರದ್ಧಾಂಜಲಿ ಎನ್ನುತ್ತಾನೆ. ಮೂವರೂ ಹಾಡುಗಳ ಹೆಸರು ಹೇಳತೊಡಗುತ್ತಾರೆ. ನೋಡುವವರಿಗೆ ಇದು ಎಂಥ ಮೊಂಡು ಮನಸ್ಸು ಎನ್ನಿಸಬಹುದು. ಎರಡನೆಯ ಸಲ ನೋಡಿದಾಗ ನಮಗೆ ಬೇರೆ ಅನ್ನಿಸಿತು. ಇವರಿಗೆ ಬರುವ ಭಾಷೆ ಅದೊಂದೇ. ತಮ್ಮಲ್ಲಿ ಇದ್ದುದನ್ನೇ ತೆಗೆದು ಇಡುತ್ತಿದ್ದಾರೆ. ಪ್ರತಿದಿನ ಒಂದೇ ಕೋಣೆಯಲ್ಲಿ ನಿಂತು ದುಡಿಯುವವರಲ್ಲಿ ದುಃಖವೂ ಕೆಲಸದ ಭಾಷೆಯಲ್ಲೇ ಮಾತಾಡುತ್ತದೆ.

ಕೊನೆಗೆ ಬ್ಯಾರಿ ಹಾಡುತ್ತಾನೆ. ಇಡೀ ಕಥೆಯುದ್ದಕ್ಕೂ ಅವನ ವಾದ್ಯಮೇಳವೆಂದರೆ ರಾಬ್‌ಗೆ ನಡುಕ. ಲಾರಾ ಏರ್ಪಡಿಸಿದ ಸಮಾರಂಭದಲ್ಲಿ ಇವನು ಹಾಡಿ ಮಾನ ಕಳೆಯುತ್ತಾನೆಂದು ರಾಬ್ ತಡೆಯಲು ನೋಡುತ್ತಾನೆ. ಆದರೆ ಬ್ಯಾರಿ ವೇದಿಕೆ ಹತ್ತಿದಾಗ ಜನ ಕುಣಿಯುತ್ತಾರೆ. ಚಿತ್ರದಲ್ಲಿ ಜ್ಯಾಕ್ ಬ್ಲ್ಯಾಕ್ ಮಾರ್ವಿನ್ ಗೇಯ ಹಾಡೊಂದನ್ನು ಹಾಡುವ ಆ ದೃಶ್ಯ ಅವನ ಹೆಸರನ್ನೇ ಎತ್ತಿ ನಿಲ್ಲಿಸಿತು. ವರ್ಷಗಟ್ಟಲೆ ಪಕ್ಕದಲ್ಲಿ ನಿಂತವನಿಗೆ ಇಂಥ ಕಂಠವಿದೆಯೆಂದು ಯಜಮಾನನಿಗೆ ತಿಳಿದಿರಲಿಲ್ಲ. ಅವನು ಕೇಳಿರಲೇ ಇಲ್ಲ. ದಿನವಿಡೀ ಸಂಗೀತ ಕೇಳುವ ಮನುಷ್ಯನ ಮೇಲೆ ಇದಕ್ಕಿಂತ ಕಟುವಾದ ಟೀಕೆ ಬೇರೆ ಇಲ್ಲ. ಆದರೂ ಅದು ಟೀಕೆಯಂತೆ ಬರುವುದಿಲ್ಲ, ಹಾಡಾಗಿ ಬರುತ್ತದೆ. ಚಿತ್ರದ ಹೆಚ್ಚುಗಾರಿಕೆ ಅಲ್ಲಿದೆ.

2020ರ ಧಾರಾವಾಹಿ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಅದರಲ್ಲಿ ರಾಬ್ ಆಗಿರುವ ಜೋಯಿ ಕ್ರ್ಯಾವಿಟ್ಜ್, 2000ದ ಚಿತ್ರದಲ್ಲಿ ಗಾಯಕಿಯಾಗಿ ನಟಿಸಿದ್ದ ಲೀಸಾ ಬೋನೆಯ ಮಗಳು. ನೌಕರರಾಗಿ ಸೈಮನ್ ಮತ್ತು ಶರೀಸ್ ಇದ್ದಾರೆ. ಚಿತ್ರ ಬಿಟ್ಟಿದ್ದ ಅಗ್ಗದ ಸಂಗ್ರಹದ ಪ್ರಸಂಗ ಇಲ್ಲಿ ರೂಪ ಬದಲಿಸಿಕೊಂಡು ಮರಳಿ ಬಂದಿದೆ. ಅದಕ್ಕಿಂತ ಮುಖ್ಯವಾದ ಸಂಗತಿ ಎಂಟನೆಯ ಕಂತಿನಲ್ಲಿದೆ. ಕಾದಂಬರಿಯಲ್ಲಿ ಮಾತು ರಾಬ್‌ನದೇ. ಚಿತ್ರದಲ್ಲಿ ಕ್ಯಾಮೆರಾದ ಕಡೆ ತಿರುಗಿ ನಮ್ಮೊಡನೆ ಮಾತಾಡುವ ಹಕ್ಕು ರಾಬ್‌ನದೇ. ಆ ಎಂಟನೆಯ ಕಂತಿನಲ್ಲಿ ಮೊದಲ ಸಲ ನೌಕರನಾದ ಸೈಮನ್ ಕ್ಯಾಮೆರಾದ ಕಡೆ ತಿರುಗಿ ತನ್ನ ಮನಸ್ಸು ಮುರಿದ ಕಥೆಯನ್ನು ತಾನೇ ಹೇಳುತ್ತಾನೆ. ಆ ಅರ್ಧ ಗಂಟೆಯಲ್ಲಿ ರಾಬ್ ಅವನ ಕಥೆಯ ಒಂದು ಪಾತ್ರ ಮಾತ್ರ. ಗಲ್ಲಾದ ಹಿಂದೆ ನಿಂತವನಿಗೂ ಒಂದು ಪಟ್ಟಿಯಿರುತ್ತದೆ ಎಂಬುದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಧಾರಾವಾಹಿ ಆ ಒಂದು ಆವೃತ್ತಿಗೇ ನಿಂತುಹೋದದ್ದು ನಮಗೆ ನಷ್ಟವೆಂದೇ ತೋರುತ್ತದೆ.

ಪರದೇಶದ ರೆಕಾರ್ಡು ಅಂಗಡಿಯ ಕಥೆಯನ್ನು ಸಂಘದ ಪತ್ರಿಕೆಯಲ್ಲಿ ಇಷ್ಟು ದೀರ್ಘವಾಗಿ ಚರ್ಚಿಸುವ ಔಚಿತ್ಯವೇನೆಂದು ಕೆಲವರು ಕೇಳಬಹುದು. ಮುಂಬಯಿಗೆ ಬಂದ ನಮ್ಮವರ ಇತಿಹಾಸದ ದೊಡ್ಡ ಭಾಗ ಇಂಥ ಸಣ್ಣ ವ್ಯಾಪಾರದೊಳಗೇ ನಡೆದಿದೆ. ಊರಿನ ಹುಡುಗ ಊರಿನವರದೇ ಹೋಟೆಲಿಗೆ ಬಂದು ಸೇರುತ್ತಿದ್ದ. ಅಲ್ಲೇ ಊಟ, ಅಲ್ಲೇ ಮೇಜು ಸರಿಸಿ ನಿದ್ದೆ. ಸಂಜೆ ಕೆಲವರಿಗೆ ಕನ್ನಡ ರಾತ್ರಿಶಾಲೆ. ಯಜಮಾನ ನಮ್ಮವನೆಂಬ ಭರವಸೆಯಿಂದ ಊರಲ್ಲಿ ತಾಯಿ ನಿಶ್ಚಿಂತಳಾಗಿರುತ್ತಿದ್ದಳು. ಆ ಭರವಸೆಯಿಂದ ಎಷ್ಟೋ ಬಾಳು ಬೆಳಗಿದ್ದು ಸುಳ್ಳಲ್ಲ. ನಮ್ಮವನೇ ಅಲ್ಲವೇ ಎಂಬ ಅದೇ ಮಾತಿನಲ್ಲಿ ಎಷ್ಟೋ ದಿನಗಳ ಲೆಕ್ಕ ಬರೆಯದೆ ಉಳಿದದ್ದೂ ಸುಳ್ಳಲ್ಲ. ಹಿರಿಯರ ಬಾಯಲ್ಲಿ ಈ ಎರಡು ಬಗೆಯ ಕಥೆಗಳನ್ನೂ ನಾವು ಕೇಳಿದ್ದೇವೆ. ಒಬ್ಬರೇ ಎರಡನ್ನೂ ಹೇಳಿದ್ದುಂಟು, ಅದೂ ಒಂದೇ ಯಜಮಾನನ ಬಗ್ಗೆ.

ಇನ್ನೊಂದು ನೆನಪು ನಮ್ಮದೇ. ಮಾಟುಂಗಾದ ಕಡೆ ಒಂದು ಪುಟ್ಟ ಕ್ಯಾಸೆಟ್ ಅಂಗಡಿಯಿತ್ತು. ಅಲ್ಲಿ ಗಲ್ಲಾದ ಪಕ್ಕ ನಿಲ್ಲುತ್ತಿದ್ದವನೊಬ್ಬ ನಮ್ಮ ಭಾಷೆಯವನು. ನಾವು ರಾಗದ ಹೆಸರು ಮರೆತು ಅರ್ಧ ಸಾಲು ಗುನುಗಿದರೆ ಸಾಕು, ಏಣಿ ಹತ್ತಿ ಮೇಲಿನ ಅರೆಯಿಂದ ಅದೇ ಕ್ಯಾಸೆಟ್ಟನ್ನು ತೆಗೆದುಕೊಡುತ್ತಿದ್ದ. ಹಬ್ಬದ ದಿನವೂ ಅವನೇ ಇರುತ್ತಿದ್ದ. ರಜೆಯಿಲ್ಲವೇ ಎಂದು ನಾವು ಎಂದೂ ಕೇಳಲಿಲ್ಲ. 2016ರಲ್ಲಿ ಕಾಲಾ ಘೋಡಾದ ಹೆಸರಾಂತ ರಿದಮ್ ಹೌಸ್ ಮುಚ್ಚಿದಾಗ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಓದುತ್ತಿದ್ದಾಗ, ಅದಕ್ಕೆ ಎಷ್ಟೋ ಮೊದಲೇ ಸದ್ದಿಲ್ಲದೆ ಮುಚ್ಚಿಹೋಗಿದ್ದ ಆ ಪುಟ್ಟ ಅಂಗಡಿ ನೆನಪಾಯಿತು. ಅಲ್ಲಿ ಕೊಂಡ ಕ್ಯಾಸೆಟ್ಟುಗಳ ಹೆಸರೆಲ್ಲ ನೆನಪಿಗೆ ಬಂದವು. ಅವನ ಹೆಸರು ಬರಲಿಲ್ಲ. ಕೇಳಿಕೊಂಡಿದ್ದರಲ್ಲವೇ ಬರುವುದು. ರಾಬ್‌ನನ್ನು ಇಷ್ಟು ಹೊತ್ತು ತೂಗಿ ನೋಡಿದ ತಕ್ಕಡಿಯಲ್ಲಿ ನಾವೂ ಒಮ್ಮೆ ಕೂರಬೇಕಾಗುತ್ತದೆ.

'ಹೈ ಫಿಡೆಲಿಟಿ' ಎಂಬ ಹೆಸರಿಗೆ ಎರಡು ಅರ್ಥ. ಮೂಲಧ್ವನಿಗೆ ತಪ್ಪದ ಧ್ವನಿಮುದ್ರಣ ಎಂದೊಂದು. ಉನ್ನತ ನಿಷ್ಠೆ ಎಂದಿನ್ನೊಂದು. ಕಥೆಯ ನಾಯಕ ಮೊದಲನೆಯದರಲ್ಲಿ ಪಂಡಿತ, ಎರಡನೆಯದರಲ್ಲಿ ತಡವಾಗಿ ಕಲಿಯುವ ವಿದ್ಯಾರ್ಥಿ. ಲಾರಾಳಿಗೆ ಸಲ್ಲಬೇಕಾದ ನಿಷ್ಠೆಯನ್ನು ಅವನು ಕೊನೆಗೆ ಅಷ್ಟಿಷ್ಟು ಕಲಿಯುತ್ತಾನೆ. ಡಿಕ್ ಮತ್ತು ಬ್ಯಾರಿಗೆ ಸಲ್ಲಬೇಕಾದ ಮೂರು ದಿನದ ಪಗಾರದ ವಿಷಯ ಮಾತ್ರ ಹಾಗೆಯೇ ಉಳಿಯುತ್ತದೆ. ಪುಸ್ತಕವನ್ನು ಓದುವವರೂ ಚಿತ್ರವನ್ನು ನೋಡುವವರೂ ಆ ಬಾಕಿಯನ್ನು ಮರೆಯದಿರಲಿ ಎಂಬುದಷ್ಟೇ ನಮ್ಮ ವಿನಂತಿ. ನಕ್ಕು ಮುಗಿದ ಮೇಲೆ ಎಣಿಸಲು ಅದೊಂದು ಒಳ್ಳೆಯ ಲೆಕ್ಕ.